ಬೋಚಾ ಅಂಗಳಕ್ಕೆ ಬೆನ್ನು ಹಾಕಿ ಕೂರುವ ಮಗಳಿಗೆ

ಚಿರಂಜೀವಿ ಮಗಳೇ, ಆಶೀರ್ವಾದಗಳು.

ಬಿಳಿ ಚೆಂಡಿನ ಹತ್ತಿರಕ್ಕೆ ತಮ್ಮ ಚೆಂಡುಗಳನ್ನು ಕಳಿಸುವ ಬೋಚಾ ಆಟದಲ್ಲಿ, ಕೈಯಿಂದ ಎಸೆಯಲಾಗದೆ ಇಳಿಜಾರು ದೋಣಿಯಿಂದ (ರ‍್ಯಾಂಪ್) ಚೆಂಡು ಉರುಳಿಸುವವರ ಬಿಸಿ3 ವಿಭಾಗದ ಆಟಗಾರನಿಗೆ ರ‍್ಯಾಂಪ್ ಹಿಡಿಯಲು ಒಪ್ಪಿಕೊಂಡೆ ಎಂದು ಕೇಳಿ ತುಂಬ ಸಂತೋಷವಾಯಿತು. ಅವನಿಗೆ ಮಾತು ಬಾರದು, ಕೈ ಹಿಡಿತಕ್ಕೆ ಸಿಗದು. ಆದರೆ ಅಂಗಳವನ್ನು ಓದುವವನು ಅವನೇ. ನೀನು 12.5 ಮೀಟರ್ ಉದ್ದದ ಆ ಅಂಗಳಕ್ಕೆ ಬೆನ್ನು ಹಾಕಿ ಅವನ ಮುಖ ನೋಡುತ್ತಾ ಕೂರಬೇಕು. ಆಟ ನಡೆಯುವಾಗ ತಿರುಗಿ ನೋಡಿದರೆ ಎದುರಾಳಿಗೆ ಪೆನಾಲ್ಟಿ ಚೆಂಡು ಸಿಗುತ್ತದೆ. ಅವನು ಹೇಳದೆ ರ‍್ಯಾಂಪನ್ನು ಒಂದಿಷ್ಟೂ ಸರಿಸಬೇಡ.

ಒಂದು ಎಂಡ್‌ಗೆ (ಅಂದರೆ ಆಟದ ಒಂದು ಸುತ್ತಿನಲ್ಲಿ) ಅವನಿಗೆ ಸಿಗುವುದು 6 ನಿಮಿಷ, ಎಸೆಯಬೇಕಾದದ್ದು 6 ಚೆಂಡು. ಅಕ್ಷರ ಕೂಡಿಸಿ ಹೇಳುವಷ್ಟು ಪುರುಸೊತ್ತಿಲ್ಲ, ಸನ್ನೆಗಳು ಮೊದಲೇ ಗೊತ್ತಾಗಿರಲಿ. ಕಣ್ಣು ಎಡಕ್ಕೆ ಹೋದರೆ ರ‍್ಯಾಂಪ್ ಎಡಕ್ಕೆ. ಅವನು ಕಣ್ಣನ್ನು ಅಲ್ಲೇ ನಿಲ್ಲಿಸಿದಷ್ಟು ಹೊತ್ತು ಸರಿಸುತ್ತಿರು. ರೆಪ್ಪೆ ಮುಚ್ಚಿದರೆ ನಿಲ್ಲಿಸು. ಆ ಎಡ ಅವನ ಎಡ, ನಿನಗೆ ಬಲ. ಮೊದಮೊದಲು ಎಲ್ಲರೂ ಎಡವುವುದು ಇಲ್ಲೇ. ಬೆರಳಗಲದಷ್ಟು ಸರಿಸಿ ಮುಖ ನೋಡು, ಮತ್ತೆ ಬೆರಳಗಲ. ಅವಸರ ಮಾಡಿದರೆ ರೆಪ್ಪೆ ಮುಚ್ಚುವಷ್ಟರಲ್ಲಿ ಗುರಿ ದಾಟಿರುತ್ತದೆ. ಚೆಂಡನ್ನು ಎಷ್ಟು ಎತ್ತರದಿಂದ ಬಿಡುತ್ತೀರೋ ಅಷ್ಟು ದೂರ ಉರುಳುತ್ತದೆ, ಎತ್ತರಕ್ಕೊಂದು ಅಂಕಿ ಇಟ್ಟುಕೊಳ್ಳಿ. ಮೆತ್ತನೆಯ ಚೆಂಡು ಬೇಗ ನಿಲ್ಲುತ್ತದೆ, ಗಟ್ಟಿ ಚೆಂಡು ಗುದ್ದಿ ಸರಿಸಲು. ಯಾವುದು ಬೇಕೆಂದು ಅವನೇ ಆರಿಸಲಿ.

"ಹೌದು" ಎನ್ನಲು ತಲೆಯಾಡಿಸುವ ಸನ್ನೆ ಬೇಡ. ಉದ್ವೇಗದಲ್ಲಿ ಮೈ ಸೆಟೆದು ತಲೆ ತಾನಾಗಿ ತಿರುಗುತ್ತದೆ, ಅದನ್ನು ನೀನು ಉತ್ತರ ಎಂದುಕೊಳ್ಳುತ್ತೀಯ. ಮೈ ಬಿಗಿದಾಗಲೂ ಅವನಿಗೆ ಆಗುವ ಒಂದು ಸನ್ನೆ ಹುಡುಕಿ. ಅನೇಕರಿಗೆ ಕಣ್ಣು ಮೇಲೆತ್ತುವುದು ಸುಲಭ. ಸೆಳೆತ ಬಂದರೆ ಅದು ಇಳಿಯುವವರೆಗೆ ಕಾದು, ಮತ್ತೊಮ್ಮೆ ಕೇಳು. ಸೊಂಟ ಮುಂದೆ ಜಾರಿದ್ದರೆ ಚೆಂಡು ಬಿಡಲು ಅವನ ತಲೆಗೆ ಕಟ್ಟಿದ ಕೋಲು ಅದಕ್ಕೆ ಸರಿಯಾಗಿ ತಾಗುವುದಿಲ್ಲ. ಆದ್ದರಿಂದ ಅಂಗಳಕ್ಕೆ ಇಳಿಯುವ ಮುನ್ನ ಗಾಲಿಕುರ್ಚಿಯ ಬೆಲ್ಟ್ ನೋಡಿಬಿಡು.

ಪಂದ್ಯ ಮುಗಿದ ಮೇಲೆ ಮನಸ್ಸಿನಲ್ಲಿದ್ದದ್ದನ್ನು ಹೇಳಲು ಅಕ್ಷರಫಲಕ ಬೇಕು. ನಮ್ಮ ವರ್ಣಮಾಲೆ ಇದಕ್ಕೆಂದೇ ಜೋಡಿಸಿಟ್ಟಂತಿದೆ: ಐದು ವರ್ಗ, ವರ್ಗಕ್ಕೆ ಐದು ಅಕ್ಷರ. ನೀನು "ಕ ಸಾಲು, ಚ ಸಾಲು, ಟ ಸಾಲು, ತ ಸಾಲು" ಎನ್ನುತ್ತಾ ಹೋಗು. ತ ಸಾಲಿಗೆ ಅವನ ಕಣ್ಣು ಮೇಲೆದ್ದರೆ ಆ ಸಾಲಿನ ಅಕ್ಷರಗಳನ್ನು ಹೇಳು. ಐದನೆಯದಕ್ಕೆ ಎದ್ದರೆ ನ. ಆಮೇಲೆ ಕಾಗುಣಿತ: ನ, ನಾ, ನಿ, ನೀ, ಅಲ್ಲಿಗೆ ಕಣ್ಣು ಎದ್ದಿತು. ಯ, ರ, ಲ, ವ, ಸ, ಹಗಳಿಗೆ ಇನ್ನೊಂದು ಸಾಲು. ಒತ್ತಕ್ಷರ ಸದ್ಯಕ್ಕೆ ಬಿಟ್ಟರೂ ಅರ್ಥವಾಗುತ್ತದೆ. "ನೀ" ಎಂದ ಕೂಡಲೇ "ನೀರು ಬೇಕಾ?" ಎಂದು ಬಾಯಿ ಹಾಕಬೇಡಮ್ಮ. "ನೀನು ತಡ ಮಾಡಿದೆ" ಎಂದು ಬೈಯಲು ಹೊರಟಿರಬಹುದು, ಅದನ್ನು ಪೂರ್ತಿ ಹೇಳುವ ಹಕ್ಕು ಅವನದು. ಅವನ ಕೈ ಹಿಡಿದು ಅಕ್ಷರ ತೋರಿಸುವುದಂತೂ ಕೂಡದು. ಕೈ ನಿನ್ನದಾದರೆ ಮಾತು ಯಾರದೆಂದು ಯಾರಿಗೂ ಗೊತ್ತಾಗುವುದಿಲ್ಲ.

ಕಣ್ಣೋಟದಿಂದ ನಡೆಯುವ ಟ್ಯಾಬ್ಲೆಟ್ ಇದ್ದರೂ ರಟ್ಟಿನ ಫಲಕ ಚೀಲದಲ್ಲಿರಲಿ. ಬಿಸಿಲಿಗೆ ಅದರ ಇನ್‌ಫ್ರಾರೆಡ್ ಕ್ಯಾಮೆರಾ ಕಣ್ಣನ್ನು ಹಿಡಿಯದೆ ಹೋಗುತ್ತದೆ. ಈ ವಾರ ರ‍್ಯಾಂಪ್ ಮುಟ್ಟದೆ ಬರೀ ಎಡ, ಬಲ, ನಿಲ್ಲು, ಇಷ್ಟನ್ನೇ ದಿನಕ್ಕೆ ಹತ್ತು ನಿಮಿಷ ಅಭ್ಯಾಸ ಮಾಡಿ. ಯಾವ ಸನ್ನೆ ತೊಡಕಾಯಿತೆಂದು ಅವನನ್ನೇ ಕೇಳಿ ನನಗೆ ಬರೆ.

ಇಂತಿ,
ನಿನ್ನ ದೊಡ್ಡಪ್ಪ