ಉತ್ತಮ ಆಟಗಾರನನ್ನು ಎದುರಾಳಿ ಕೋಚ್‌ಗಳು ಆರಿಸಲಿ

ಸಂಪಾದಕರೇ,

ನಿಮ್ಮ ಜಿಲ್ಲಾ ಪುಟದಲ್ಲಿ ಬರುವ ಶಾಲಾ, ಕಾಲೇಜು ಟೂರ್ನಿಗಳ ವರದಿಗಳನ್ನು ತಪ್ಪದೆ ಓದುತ್ತೇನೆ. ಕೊನೆಯ ಸಾಲಿನಲ್ಲಿ ‘ಉತ್ತಮ ಆಟಗಾರ’ ಅಂತ ಒಂದು ಹೆಸರು ಇರುತ್ತದೆ. ಯಾರು ಆರಿಸಿದರು, ಯಾಕೆ ಆರಿಸಿದರು ಅನ್ನುವುದು ಮಾತ್ರ ಇರುವುದಿಲ್ಲ. 31 ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದವಳು ನಾನು. ಆ ಒಂದು ಸಾಲಿನ ಬಗ್ಗೆಯೇ ಈ ಪತ್ರ.

2024ರ ಏಪ್ರಿಲ್, ಮೇ ತಿಂಗಳಲ್ಲಿ ಅಮೆರಿಕದ ಆರೆಗಾನ್ ರಾಜ್ಯದ ಕೊರ್ವಾಲಿಸ್‌ನಲ್ಲಿ ಮಗಳ ಮನೆಯಲ್ಲಿದ್ದೆ. ಚಿಕ್ಕ ಊರು, ಜಾಸ್ತಿ ಮಳೆ. ಅಲ್ಲಿನ ಆರೆಗಾನ್ ಸ್ಟೇಟ್ ಯೂನಿವರ್ಸಿಟಿಯ ಬೇಸ್‌ಬಾಲ್ ಮೈದಾನದಲ್ಲಿ 1907ರಿಂದ ಆಟ ನಡೆಯುತ್ತಿದೆಯಂತೆ. ಅಳಿಯ ಒಂದು ಶುಕ್ರವಾರ ಕರೆದುಕೊಂಡು ಹೋದರು. ಆಮೇಲೆ ಶನಿವಾರ, ಭಾನುವಾರ ನಾನೇ ಹೊರಟೆ. ವಾರಾಂತ್ಯಕ್ಕೆ ಒಂದೇ ಎದುರಾಳಿ, ಮೂರು ದಿನ ಮೂರು ಪಂದ್ಯ. ಕಾಲೇಜು ಆಟದಲ್ಲಿ ಲೋಹದ ಬ್ಯಾಟು. ಚೆಂಡು ತಾಗಿದರೆ ಠಣ್ ಅನ್ನುತ್ತದೆ.

ಆ ತಂಡದಲ್ಲಿ ಟ್ರಾವಿಸ್ ಬಝಾನಾ ಅಂತ ಒಬ್ಬ ಹುಡುಗ ಇದ್ದ. ಆಸ್ಟ್ರೇಲಿಯಾದ ಸಿಡ್ನಿಯವನು. ಚಿಕ್ಕಂದಿನಲ್ಲಿ ಕ್ರಿಕೆಟ್ಟನ್ನೂ ಆಡಿದವನು ಅಂತ ಅಳಿಯ ಹೇಳಿದಾಗ ನನಗೆ ಅವನ ಆಟ ಅರ್ಥವಾಗತೊಡಗಿತು. ಮೊದಲಿಗನಾಗಿ ಬ್ಯಾಟಿಂಗ್‌ಗೆ ಬರುತ್ತಿದ್ದ. ಆಫ್ ಸ್ಟಂಪಿನ ಆಚೆ ಹೋಗುವ ಚೆಂಡನ್ನು ಒಳ್ಳೆಯ ಓಪನರ್ ಸುಮ್ಮನೆ ಬಿಡುತ್ತಾನಲ್ಲ, ಹಾಗೆ ಬಿಡುತ್ತಿದ್ದ. ಹೊಡೆಯುವ ವಲಯದ ಆಚೆ ಬಂದ ನಾಲ್ಕು ಚೆಂಡನ್ನು ಹಾಗೆ ಬಿಟ್ಟರೆ ಬ್ಯಾಟರ್‌ಗೆ ಮೊದಲ ಬೇಸ್, ಅಂದರೆ ಓಟದ ಮೊದಲ ನಿಲ್ದಾಣ, ಪುಕ್ಕಟೆ ಸಿಗುತ್ತದೆ. ಆ ಸೀಸನ್‌ನಲ್ಲಿ ಅವನಿಗೆ ಹಾಗೆ ಸಿಕ್ಕಿದ್ದು 76 ಸಲ. ಸರಾಸರಿ .407, ಅಂದರೆ 10 ಸಲಕ್ಕೆ ಸುಮಾರು 4 ಸಲ ಹೊಡೆದ. ಹೋಮ್ ರನ್ (ನಮ್ಮ ಸಿಕ್ಸರ್ ಹಾಗೆ ಬೇಲಿಯಾಚೆ ಹೊಡೆದದ್ದು) 28. ಬೇಸ್‌ಬಾಲ್‌ನಲ್ಲಿ 10 ಸಲಕ್ಕೆ 3 ಸಲ ಹೊಡೆದರೇ ಒಳ್ಳೆಯ ಬ್ಯಾಟರ್ ಅನ್ನುತ್ತಾರೆ.

ಅಲ್ಲಿ ಒಂದಷ್ಟು ಯೂನಿವರ್ಸಿಟಿಗಳು ಸೇರಿ ‘ಕಾನ್ಫರೆನ್ಸ್’ ಅಂತ ಗುಂಪು ಮಾಡಿಕೊಂಡು ಸೀಸನ್‌ನ ಹೆಚ್ಚಿನ ಪಂದ್ಯಗಳನ್ನು ತಮ್ಮತಮ್ಮಲ್ಲೇ ಆಡುತ್ತವೆ. ಇವರದು ಪ್ಯಾಕ್-12. ಬೇಸ್‌ಬಾಲ್ ಆಡುತ್ತಿದ್ದದ್ದು 11 ತಂಡ. ಆ ವರ್ಷ ಕಪ್ ಗೆದ್ದದ್ದು ಅರಿಝೋನಾ. ಆದರೆ ‘ವರ್ಷದ ಆಟಗಾರ’ ಪ್ರಶಸ್ತಿ ಬಂದದ್ದು ಬಝಾನಾಗೆ. ಆರಿಸಿದವರು ಆ ತಂಡಗಳ ಕೋಚ್‌ಗಳು. ಇವನನ್ನು ಹೇಗೆ ಔಟ್ ಮಾಡುವುದು ಅಂತ ವಾರಗಟ್ಟಲೆ ತಲೆ ಕೆಡಿಸಿಕೊಂಡವರು, ಇವನಿಂದ ಸೋತವರು! ಅವರ ಮತಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಎಸ್‌ಇಸಿ ಅನ್ನುವ ಇನ್ನೊಂದು ಕಾನ್ಫರೆನ್ಸ್‌ನಲ್ಲಿ ನಿಯಮ ಇನ್ನೂ ಗಟ್ಟಿ. ಕೋಚ್ ತನ್ನ ಹುಡುಗರಿಗೆ ಮತ ಹಾಕುವಂತೆಯೇ ಇಲ್ಲ. ಅದೇ ವರ್ಷ ಅಲ್ಲಿ ಗೆದ್ದವನು ಜಾರ್ಜಿಯಾ ಯೂನಿವರ್ಸಿಟಿಯ ಚಾರ್ಲಿ ಕಾಂಡನ್. 37 ಹೋಮ್ ರನ್ ಹೊಡೆದಿದ್ದ. ಸ್ಕಾಲರ್‌ಶಿಪ್ ಇಲ್ಲದೆ ತಂಡಕ್ಕೆ ಬಂದಿದ್ದ ಹುಡುಗ.

ಜುಲೈನಲ್ಲಿ ವೃತ್ತಿಪರ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ ಕ್ಲೀವ್‌ಲ್ಯಾಂಡ್ ತಂಡ ಬಝಾನಾನನ್ನು ಎಲ್ಲರಿಗಿಂತ ಮೊದಲು ಆರಿಸಿತು. ಆಸ್ಟ್ರೇಲಿಯಾದವನೊಬ್ಬ ಹಾಗೆ ಮೊದಲಿಗನಾದದ್ದು ಅದೇ ಮೊದಲು. ಆಗ ನಾನು ತಿಪಟೂರಿಗೆ ವಾಪಸ್ ಬಂದಾಗಿತ್ತು. ಮಗಳು ಫೋನ್ ಮಾಡಿ ಹೇಳಿದಳು. ಕಣ್ಣು ತುಂಬಿ ಬಂತು.

ಆ ಬೇಸಿಗೆಯಲ್ಲೇ ಪ್ಯಾಕ್-12 ಒಡೆದುಹೋಯಿತು. ಟಿವಿ ಹಣದ ಆಸೆಗೆ 10 ಯೂನಿವರ್ಸಿಟಿಗಳು ಬೇರೆ ಕಾನ್ಫರೆನ್ಸ್‌ಗಳಿಗೆ ಹೋದವು. ಆರೆಗಾನ್ ಸ್ಟೇಟ್ 2025ರಲ್ಲಿ ಯಾವ ಗುಂಪಿಗೂ ಸೇರದೆ ಒಂಟಿಯಾಗಿ ಆಡಿತು. ಆಡಿ ಒಮಾಹಾದ ಕಾಲೇಜು ವರ್ಲ್ಡ್ ಸೀರೀಸ್‌ವರೆಗೂ, ಅಂದರೆ ಕಾಲೇಜು ಬೇಸ್‌ಬಾಲಿನ ಕೊನೆಯ ಘಟ್ಟದವರೆಗೂ ಹೋಯಿತು. ಅದರ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್) ಐವಾ ಆರ್ಕೆಟ್‌ನನ್ನು ಆ ವರ್ಷದ ವೃತ್ತಿಪರ ಆಯ್ಕೆಯಲ್ಲಿ ಮಯಾಮಿ ತಂಡ ಏಳನೆಯವನಾಗಿ ಆರಿಸಿಕೊಂಡಿತು. ಆದರೆ ಕಾನ್ಫರೆನ್ಸೇ ಇಲ್ಲದ ಮೇಲೆ ಅವನಿಗೆ ಮತ ಹಾಕುವ ಎದುರಾಳಿ ಕೋಚ್‌ಗಳು ಎಲ್ಲಿಂದ ಬರಬೇಕು? ನನಗೆ ಅದು ತುಂಬಾ ಬೇಜಾರಾಯಿತು.

ಬೇಜಾರಿಗೆ ಒಂದು ಕಾರಣವಿದೆ. ಸುಮಾರು 20 ವರ್ಷದ ಹಿಂದೆ ಜಿಲ್ಲಾ ಮಟ್ಟದ ಖೋ ಖೋಗೆ ನಮ್ಮ ಹುಡುಗಿಯರನ್ನು ಕರೆದುಕೊಂಡು ಹೋಗಿದ್ದೆ. ನಮ್ಮಲ್ಲಿ ಒಬ್ಬಳು ಎರಡು ಪಂದ್ಯ ಪೂರ್ತಿ ನಾಟ್ ಔಟ್. ಕಂಬ ಸುತ್ತಿ ತಿರುಗುವಾಗ ಅವಳ ನೆರಳೂ ಸಿಗುತ್ತಿರಲಿಲ್ಲ. ಫೈನಲ್‌ನಲ್ಲಿ ಒಂದೇ ಪಾಯಿಂಟಿನಿಂದ ಸೋತೆವು. ಮುಖ್ಯ ಅತಿಥಿ ಬಂದದ್ದು ಕೊನೆಯ ಹತ್ತು ನಿಮಿಷಕ್ಕೆ. ಶಾಮಿಯಾನದ ಕೆಳಗೆ ಅವರ ಕೈಗೆ ಯಾರೋ ಒಂದು ಚೀಟಿ ಕೊಟ್ಟರು. ಟೂರ್ನಿ ನಡೆಸಿದ ಶಾಲೆಯ ಹುಡುಗಿಯ ಹೆಸರು ಓದಿದರು. ಆ ಮಗುವಿನದೂ ತಪ್ಪಿಲ್ಲ, ಅವಳೂ ಚೆನ್ನಾಗಿಯೇ ಆಡಿದ್ದಳು. ವಾಪಸ್ ಬರುವಾಗ ಬಸ್ಸಿನಲ್ಲಿ ನಮ್ಮ ಹುಡುಗಿ ಕೇಳಿದಳು: “ಮಿಸ್, ನಾನು ಚೆನ್ನಾಗಿ ಆಡ್ಲಿಲ್ವಾ?” ಏನು ಹೇಳಲಿ? ಆ ದಿನ ಅವಳನ್ನು ಹಿಡಿಯಲಾಗದೆ ಸುಸ್ತಾದ ಎದುರಾಳಿ ಟೀಚರ್‌ಗಳಲ್ಲಿ ಒಬ್ಬರನ್ನಾದರೂ ಕೇಳಿದ್ದರೆ ಸಾಕಿತ್ತು.

ಇದಕ್ಕೆ ದುಡ್ಡು ಬೇಡ. ಟೂರ್ನಿ ಮುಗಿದ ಮೇಲೆ ಪ್ರತಿ ತಂಡದ ಕೋಚ್‌ಗೆ ಒಂದು ಚೀಟಿ ಕೊಡಲಿ. ತನ್ನ ತಂಡ ಬಿಟ್ಟು ಬೇರೆ ತಂಡದ ಒಬ್ಬರ ಹೆಸರು ಬರೆಯಲಿ. ಎಲ್ಲರ ಎದುರೇ ಎಣಿಸಲಿ. ನಮ್ಮ ಶಿಕ್ಷಣ ಇಲಾಖೆ, ಯೂನಿವರ್ಸಿಟಿಗಳು ಇದನ್ನು ನಿಯಮ ಮಾಡಲಿ. ನೀವೂ ಹೆಸರಿನ ಜೊತೆ ಎಷ್ಟು ಮತ ಬಂತು ಅಂತ ಅಚ್ಚು ಹಾಕಿ, ದಯವಿಟ್ಟು. ನಮ್ಮ ತಾಲ್ಲೂಕು ಕ್ರೀಡಾಕೂಟ ಸದ್ಯದಲ್ಲೇ ಇದೆ. ಚೀಟಿ, ಡಬ್ಬಿ ನಾನೇ ತರುತ್ತೇನೆ. ಎಣಿಸಲೂ ಕೂರುತ್ತೇನೆ.

– ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ, ತಿಪಟೂರು