ನೆಟ್ ಹೋದ ತಕ್ಷಣ ರೀಸೆಟ್ ಒತ್ತಬೇಡಿ

ಮಾನ್ಯ ಸಂಪಾದಕರೇ,

ಮನೆಯಲ್ಲಿ ನೆಟ್ ಹೋದರೆ ಎಲ್ಲರ ಬಾಯಲ್ಲೂ ಒಂದೇ ಸಲಹೆ, ‘ರೂಟರ್ ರೀಸೆಟ್ ಮಾಡಿ’. ಗೆಳೆಯರೂ ಹಾಗೇ ಹೇಳುತ್ತಾರೆ, ಸಹಾಯವಾಣಿಯವರೂ ಹಾಗೇ ಹೇಳುತ್ತಾರೆ. ಆ ಮಾತು ಕೇಳಿ ನಾನು ಮೂರು ದಿನ ನೆಟ್ ಇಲ್ಲದೆ ಕೂತಿದ್ದೆ. ನನ್ನ ಹಾಗೆ ಇನ್ನೊಬ್ಬರು ಕೂರಬಾರದು ಅಂತ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಕತ್ತರಿಸದೆ ಹಾಕಿ.

ಆವತ್ತು ಬೆಳಿಗ್ಗೆ ಎದ್ದು ನೋಡಿದರೆ ಮನೆಯಲ್ಲಿ ಯಾರ ಫೋನಿನಲ್ಲೂ ನೆಟ್ ಇಲ್ಲ. ವೈಫೈ ಗುರುತು ಮಾತ್ರ ಪೂರ್ತಿ ತೋರಿಸುತ್ತಿತ್ತು. ಕಂಪನಿಗೆ ಫೋನ್ ಮಾಡಿದೆ. ಆ ಕಡೆಯವರು ಯಾವ ಲೈಟ್ ಉರಿಯುತ್ತಿದೆ ಅಂತ ಕೇಳಲೇ ಇಲ್ಲ, ರೂಟರ್ ಹಿಂದೆ ಒಂದು ಸಣ್ಣ ತೂತು ಇದೆ, ಅದರೊಳಗೆ ಪಿನ್ ತೂರಿಸಿ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ ಅಂದರು. ಒತ್ತಿದೆ. ಲೈಟ್‌ಗಳೆಲ್ಲ ಆರಿ ಮತ್ತೆ ಹೊತ್ತಿಕೊಂಡವು. ನೋಡಿದರೆ ನಮ್ಮ ವೈಫೈ ಹೆಸರೇ ಮಾಯ, ಅದರ ಜಾಗದಲ್ಲಿ ಅಕ್ಷರ ಅಂಕಿ ಸೇರಿದ ಏನೋ ಒಂದು ಹೆಸರು. ಹಳೆಯ ಪಾಸ್‌ವರ್ಡ್ ನಡೆಯಲಿಲ್ಲ. ಟಿವಿ, ಲ್ಯಾಪ್‌ಟಾಪ್, ಫೋನ್‌ಗಳು ಎಲ್ಲವೂ ಕಳಚಿಕೊಂಡವು. ಅದನ್ನಾದರೂ ಸರಿ ಮಾಡಿಕೊಳ್ಳಬಹುದಿತ್ತು. ಆದರೆ ಸಂಪರ್ಕ ಕೊಟ್ಟ ದಿನ ಕಂಪನಿಯವರು ರೂಟರ್ ಒಳಗೆ ತುಂಬಿಸಿಟ್ಟಿದ್ದ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಕೂಡ ಅಳಿಸಿಹೋಗಿತ್ತು. ಇದನ್ನು ಪಿಪಿಪಿಒಇ ಲಾಗಿನ್ ಅನ್ನುತ್ತಾರೆ. ಹಲವು ಕಂಪನಿಗಳ ಸಂಪರ್ಕ ಇದರ ಮೇಲೇ ನಿಂತಿದೆ. ಇದು ಇಲ್ಲದಿದ್ದರೆ ಲೈನ್ ಸರಿಯಿದ್ದರೂ ನೆಟ್ ಬರುವುದಿಲ್ಲ. ಅದನ್ನು ನಮಗೆ ಯಾರೂ ಬರೆದುಕೊಟ್ಟಿರಲಿಲ್ಲ.

ಮೂರನೇ ದಿನ ಲೈನ್ ನೋಡುವ ಹುಡುಗ ಬಂದ. ಅವನು ಮೊದಲು ರೂಟರ್ ಮುಟ್ಟಲೇ ಇಲ್ಲ. ಮುಂದೆ ಉರಿಯುತ್ತಿದ್ದ ಕೆಂಪು ಲೈಟ್ ನೋಡಿದ, ಬಗ್ಗಿ ಮೇಜನ್ನು ಒಂದು ಗೇಣು ಈಚೆ ಎಳೆದ. ಮೇಜಿನ ಕಾಲಿಗೂ ಗೋಡೆಗೂ ನಡುವೆ ತೆಳ್ಳಗಿನ ಫೈಬರ್ ಕೇಬಲ್ ಸಿಕ್ಕಿ ಚೂಪಾಗಿ ಮಡಚಿಕೊಂಡಿತ್ತು. ಬಿಡಿಸಿದ ಕೂಡಲೇ ಕೆಂಪು ಲೈಟ್ ಆರಿತು. ನೆಟ್ ಹೋಗುವ ಹಿಂದಿನ ರಾತ್ರಿ ಗುಡಿಸುವಾಗ ಮೇಜು ಸರಿಸಿದ್ದೇ ನಾನು! ನಿಜವಾದ ತೊಂದರೆ ಅಷ್ಟೇ. ಆದರೂ ಅವನು ಇನ್ನೂ ಅರ್ಧ ಗಂಟೆ ಕೂರಬೇಕಾಯಿತು, ರೀಸೆಟ್‌ನಿಂದ ಅಳಿಸಿಹೋದದ್ದನ್ನೆಲ್ಲ ಮತ್ತೆ ತುಂಬಿಸುವುದಕ್ಕೆ.

ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ. ಹೆಸರು ಒಂದೇ ಥರ ಕೇಳಿಸುತ್ತದೆ, ಹಾಗಾಗಿ ಜನ ಒಂದಕ್ಕೆ ಇನ್ನೊಂದನ್ನು ಹೇಳಿಬಿಡುತ್ತಾರೆ. ರೀಸ್ಟಾರ್ಟ್ ಅಂದರೆ ಸ್ವಿಚ್ ಆರಿಸಿ, ಅರ್ಧ ನಿಮಿಷ ಬಿಟ್ಟು, ಮತ್ತೆ ಹಾಕುವುದು. ಇದರಿಂದ ಏನೂ ಅಳಿಸುವುದಿಲ್ಲ. ರೂಟರ್ ಕೂಡ ಒಂದು ಪುಟ್ಟ ಕಂಪ್ಯೂಟರ್ ತಾನೇ, ದಿನಗಟ್ಟಲೆ ಓಡಿ ಒಮ್ಮೊಮ್ಮೆ ಅದರ ಮೆಮೊರಿ ತುಂಬಿಕೊಳ್ಳುತ್ತದೆ, ಕಂಪನಿಯ ಜೊತೆಗಿನ ಲಾಗಿನ್ ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ, ಆರಿಸಿ ಹಾಕಿದರೆ ಎಲ್ಲ ಹೊಸದಾಗಿ ಶುರುವಾಗುತ್ತದೆ. ಫೈಬರ್ ಬಾಕ್ಸ್ (ಹೊರಗಿನ ಫೈಬರ್ ಕೇಬಲ್ ಬಂದು ಸೇರುವ ಡಬ್ಬಿ) ಮತ್ತು ರೂಟರ್ ಬೇರೆ ಬೇರೆ ಇದ್ದರೆ ಮೊದಲು ಬಾಕ್ಸ್ ಹಾಕಿ, ಅದರ ಲೈಟ್‌ಗಳು ನಿಂತ ಮೇಲೆ ರೂಟರ್ ಹಾಕಿ. ಇದನ್ನು ಯಾರು ಬೇಕಾದರೂ ಧೈರ್ಯವಾಗಿ ಮಾಡಬಹುದು. ರೀಸೆಟ್ ಹಾಗಲ್ಲ. ಅದು ರೂಟರನ್ನು ಕಾರ್ಖಾನೆಯಿಂದ ಬಂದ ದಿನಕ್ಕೆ ಒಯ್ಯುತ್ತದೆ.

ರೀಸೆಟ್‌ನಿಂದ ಇನ್ನೊಂದು ಅಪಾಯವೂ ಇದೆ. ರೂಟರ್ ಒಳಗಿನ ಸೆಟ್ಟಿಂಗ್ಸ್ ಪುಟದ ಪಾಸ್‌ವರ್ಡ್ ಕೂಡ ಮೊದಲಿನ ಸ್ಥಿತಿಗೆ ಬರುತ್ತದೆ. ಹಳೆಯ ರೂಟರ್‌ಗಳಲ್ಲಿ ಅದು ಎಷ್ಟೋ ಸಲ ‘ಅಡ್ಮಿನ್’ ಅನ್ನುವ ಪದವೇ ಆಗಿರುತ್ತದೆ. ನೆಟ್ ಬಂತಲ್ಲ ಅಂತ ಜನ ಅದನ್ನು ಹಾಗೇ ಬಿಡುತ್ತಾರೆ. 2016ರಲ್ಲಿ ಮಿರಾಯ್ ಅನ್ನುವ ದುಷ್ಟ ಪ್ರೋಗ್ರಾಂ ಲಕ್ಷಗಟ್ಟಲೆ ಕ್ಯಾಮೆರಾ ಮತ್ತು ರೂಟರ್‌ಗಳ ಒಳಗೆ ನುಗ್ಗಿದ್ದು ಹೀಗೆ ಬದಲಾಯಿಸದೆ ಬಿಟ್ಟ ಪಾಸ್‌ವರ್ಡ್‌ಗಳಿಂದಲೇ. ರೀಸೆಟ್ ಮಾಡಲೇಬೇಕಾಗಿ ಬಂದರೆ ಮೊದಲು ಸೆಟ್ಟಿಂಗ್ಸ್‌ನ ಬ್ಯಾಕಪ್ ಫೈಲ್ ಒಂದನ್ನು ಇಳಿಸಿಕೊಳ್ಳಿ, ಆ ಸೌಲಭ್ಯ ಬಹಳ ರೂಟರ್‌ಗಳಲ್ಲಿದೆ. ಆಮೇಲೆ ಮರೆಯದೆ ಪಾಸ್‌ವರ್ಡ್ ಬದಲಾಯಿಸಿ.

ಹಾಗಾದರೆ ನೆಟ್ ಹೋದಾಗ ಮೊದಲು ಏನು ಮಾಡಬೇಕು? ಎಲ್ಲಿ ಕಡಿದಿದೆ ಅಂತ ನೋಡಬೇಕು. ಆ ಹುಡುಗ ಮಾಡಿದ್ದೂ ಅದನ್ನೇ. ಆಮೇಲೆ ನಾನು ಹಟ ಹಿಡಿದು ಇದನ್ನು ಕಲಿತೆ, ಈಗ ನೆಂಟರ ಮನೆಗಳಲ್ಲೂ ಹೋಗಿ ನೋಡುತ್ತೇನೆ. ವೈಫೈ ಅಂದರೆ ಇಂಟರ್ನೆಟ್ ಅಲ್ಲ. ನಿಮ್ಮ ಫೋನಿನಿಂದ ರೂಟರ್‌ವರೆಗೆ ಗಾಳಿಯಲ್ಲಿ ಒಂದು ದಾರಿ, ರೂಟರ್‌ನಿಂದ ಕಂಪನಿಯವರೆಗೆ ತಂತಿಯಲ್ಲಿ ಇನ್ನೊಂದು ದಾರಿ. ಫೋನಿನ ಮೇಲೆ ಕಾಣುವ ವೈಫೈ ಗೆರೆಗಳು ಮೊದಲನೇ ದಾರಿಯ ಬಲ ಎಷ್ಟು ಅಂತ ಮಾತ್ರ ಹೇಳುತ್ತವೆ. ಕಂಪನಿಯ ಲೈನ್ ಪೂರ್ತಿ ಸತ್ತಿದ್ದರೂ ಗೆರೆ ತುಂಬಿಯೇ ಇರುತ್ತವೆ.

ಒಬ್ಬರ ಫೋನಿನಲ್ಲಿ ಮಾತ್ರ ಹೋಗಿದೆಯೋ, ಎಲ್ಲರದೂ ಹೋಗಿದೆಯೋ ಅಂತ ಮೊದಲು ಕೇಳಿ. ಒಬ್ಬರದೇ ಆದರೆ ರೂಟರ್ ತಂಟೆಗೇ ಹೋಗಬೇಡಿ, ಆ ಫೋನಿನಲ್ಲಿ ವೈಫೈ ಹೆಸರನ್ನು ತೆಗೆದು ಮತ್ತೆ ಸೇರಿಸಿ, ದಿನಾಂಕ ಮತ್ತು ಸಮಯ ಸರಿ ಇದೆಯಾ ನೋಡಿ. ದಿನಾಂಕ ತಪ್ಪಿದ್ದರೆ ವೆಬ್‌ಸೈಟ್‌ಗಳ ಸುರಕ್ಷತಾ ಪ್ರಮಾಣಪತ್ರ ಹೊಂದುವುದಿಲ್ಲ, ಪುಟ ತೆರೆಯುವುದೇ ಇಲ್ಲ. ಜನ ಅದನ್ನೂ ನೆಟ್ ಹೋಗಿದೆ ಅಂದುಕೊಳ್ಳುತ್ತಾರೆ.

ಎಲ್ಲರದೂ ಹೋಗಿದ್ದರೆ ಫೈಬರ್ ಬಾಕ್ಸ್‌ನ ಲೈಟ್ ನೋಡಿ. ಎಲ್‌ಒಎಸ್ ಅಂತ ಬರೆದಿರುವ ಕಡೆ ಕೆಂಪು ಉರಿಯುತ್ತಿದ್ದರೆ ಕಂಪನಿಯಿಂದ ಬೆಳಕು ನಿಮ್ಮ ಮನೆಗೆ ತಲುಪುತ್ತಿಲ್ಲ ಅಂತ ಅರ್ಥ. ಫೈಬರ್ ಒಳಗೆ ಇರುವುದು ಕೂದಲೆಳೆಯಂಥ ಗಾಜು, ಚೂಪಾಗಿ ಮಡಚಿದರೆ ಬೆಳಕು ಪಕ್ಕಕ್ಕೆ ಸೋರಿಹೋಗುತ್ತದೆ, ಜಾಸ್ತಿ ಮಡಚಿದರೆ ಗಾಜೇ ಮುರಿಯುತ್ತದೆ. ಕಣ್ಣಿಗೆ ಕಾಣುವಷ್ಟು ದೂರ ಕೇಬಲ್ ಹಿಡಿದು ನೋಡಿ, ಬಾಗಿಲ ಸಂದಿ, ಮೇಜಿನ ಕಾಲು, ಬಿಗಿಯಾಗಿ ಕಟ್ಟಿದ ಜಾಗ ಎಲ್ಲ. ಅಲ್ಲಿ ಏನೂ ಇಲ್ಲದಿದ್ದರೆ ತೊಂದರೆ ಹೊರಗಿದೆ, ದೂರು ಕೊಟ್ಟು ಸುಮ್ನೆ ಕಾಯಿರಿ. ನೂರು ಸಲ ರೀಸೆಟ್ ಮಾಡಿದರೂ ಆ ಬೆಳಕು ಬರುವುದಿಲ್ಲ. ಒಂದು ಮಾತು, ಕೇಬಲ್ ಕಿತ್ತು ಅದರ ತುದಿಯನ್ನು ಕಣ್ಣಿನ ಹತ್ತಿರ ಹಿಡಿಯಬೇಡಿ. ಅದರಲ್ಲಿ ಬರುವ ಬೆಳಕು ನಮಗೆ ಕಾಣುವಂಥದ್ದಲ್ಲ, ಆದರೆ ಕಣ್ಣಿಗೆ ಒಳ್ಳೆಯದೂ ಅಲ್ಲ. ಮಕ್ಕಳಿರುವ ಮನೆಯಲ್ಲಂತೂ ಜೋಪಾನ.

ಕೆಂಪು ಲೈಟ್ ಇಲ್ಲ, ಆದರೂ ನೆಟ್ ಇಲ್ಲ ಅಂದರೆ ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ಅಂತ ಹಾಕಿ ನೋಡಿ. ಬೇರೆ ಅಂಕಿ ಇದ್ದರೆ ರೂಟರ್ ಅಡಿಯ ಚೀಟಿಯಲ್ಲಿ ಬರೆದಿರುತ್ತದೆ. ಆ ಪುಟ ಇರುವುದು ರೂಟರ್ ಒಳಗೇ, ಅದಕ್ಕೆ ಇಂಟರ್ನೆಟ್ ಬೇಕಿಲ್ಲ. ತೆರೆದರೆ ಮನೆಯೊಳಗಿನ ದಾರಿ ಚೆನ್ನಾಗಿದೆ ಅಂತ ಗೊತ್ತಾಯಿತು. ತೆರೆಯದಿದ್ದರೆ ಕಂಪ್ಯೂಟರ್‌ಗೆ ಯಾವ ಐಪಿ ವಿಳಾಸ (ಜಾಲದಲ್ಲಿ ಅದನ್ನು ಗುರುತಿಸುವ ಅಂಕಿ) ಸಿಕ್ಕಿದೆ ನೋಡಿ, ಅದು 169.254 ಅಂತ ಶುರುವಾದರೆ ರೂಟರ್ ಅದಕ್ಕೆ ವಿಳಾಸವನ್ನೇ ಕೊಟ್ಟಿಲ್ಲ, ಕಂಪ್ಯೂಟರ್ ತಾನಾಗಿ ಒಂದನ್ನು ಇಟ್ಟುಕೊಂಡಿದೆ. ಆಗ ರೀಸ್ಟಾರ್ಟ್ ಕೆಲಸಕ್ಕೆ ಬರುತ್ತದೆ. ಮನೆಯಲ್ಲಿ ಹಳೆಯ ರೂಟರನ್ನು ಎರಡನೆಯದಾಗಿ ಸೇರಿಸಿಕೊಂಡವರು ಇಲ್ಲಿ ಇನ್ನೊಂದು ನೋಡಬೇಕು. ಎರಡೂ ರೂಟರ್ ಒಂದೇ ಜಾಲದಲ್ಲಿ ವಿಳಾಸ ಹಂಚಲು ನಿಂತರೆ ಕೆಲವು ಫೋನ್ ನಡೆಯುತ್ತವೆ, ಕೆಲವು ನಡೆಯುವುದಿಲ್ಲ, ತಲೆಬುಡ ಗೊತ್ತಾಗುವುದಿಲ್ಲ. ಎರಡನೆಯದರಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಅನ್ನುವ ಸೆಟ್ಟಿಂಗನ್ನು ಆಫ್ ಮಾಡಿ, ಅದರ ಸ್ವಂತ ವಿಳಾಸ ಬದಲಾಯಿಸಿ, ಹೊರಗಿನ ಲೈನಿಗಿರುವ ವ್ಯಾನ್ ಪೋರ್ಟ್ ಬಿಟ್ಟು ಮನೆಯೊಳಗಿನ ಸಾಧನಗಳಿಗಿರುವ ಲ್ಯಾನ್ ಪೋರ್ಟ್‌ಗೆ ಕೇಬಲ್ ಹಾಕಿದರೆ ಸಾಕು.

ಇನ್ನು ಎಲ್ಲ ಸರಿ ಇದೆ, ಕೆಲವು ಆಪ್ ಓಡುತ್ತಿವೆ, ವೆಬ್‌ಸೈಟ್ ಮಾತ್ರ ತೆರೆಯುತ್ತಿಲ್ಲ ಅಂದರೆ ಡಿಎನ್‌ಎಸ್ ಮೇಲೆ ಅನುಮಾನ ಪಡಬೇಕು. ವೆಬ್‌ಸೈಟ್ ಹೆಸರನ್ನು ಅಂಕಿಯ ವಿಳಾಸಕ್ಕೆ ತಿರುಗಿಸಿ ಕೊಡುವ ವ್ಯವಸ್ಥೆ ಅದು. ಕಂಪ್ಯೂಟರ್‌ನಲ್ಲಿ ಗೂಗಲ್‌ನ 8.8.8.8 ವಿಳಾಸಕ್ಕೆ ಪಿಂಗ್ (ಆ ಕಡೆಯಿಂದ ಉತ್ತರ ಬರುತ್ತದೆಯಾ ಅಂತ ನೋಡುವ ಆಜ್ಞೆ) ಹಾಕಿದಾಗ ಉತ್ತರ ಬಂದು, ಹೆಸರು ಹಾಕಿದಾಗ ಬರದಿದ್ದರೆ ತಪ್ಪು ಅಲ್ಲೇ ಇದೆ. ಸೆಟ್ಟಿಂಗ್ಸ್‌ನಲ್ಲಿ ಡಿಎನ್‌ಎಸ್ ಅಂತ ಇರುವ ಜಾಗದಲ್ಲಿ 8.8.8.8 ಅಥವಾ 1.1.1.1 ಹಾಕಿ ನೋಡಿ. ಒಂದು ನಿಮಿಷದ ಕೆಲಸ.

ಸ್ಲೋ ಆಗುವುದು ಮಾತ್ರ ಬೇರೆಯೇ ಕತೆ. ನಮ್ಮ ಮನೆಯಲ್ಲಿ ಸಂಜೆಯಾದರೆ ವಿಡಿಯೋ ಕಾಲ್ ತುಂಡು ತುಂಡಾಗುತ್ತಿತ್ತು. ಸ್ಪೀಡ್ ಟೆಸ್ಟ್ ಹಾಕಿದರೆ ಒಂದು ಸಲ ಚೆನ್ನಾಗಿ ಬರುತ್ತದೆ, ಇನ್ನೊಂದು ಸಲ ಇಲ್ಲ. ವಾರಗಟ್ಟಲೆ ಕಂಪನಿಯವರನ್ನು ಬೈದುಕೊಂಡೆ. ಕೊನೆಗೆ ಸಿಕ್ಕಿದ ಕಾರಣ ನಮ್ಮದೇ ಫೋನ್‌ಗಳು. ಎಲ್ಲರೂ ಸಂಜೆ ಮನೆಗೆ ಬಂದು ವೈಫೈಗೆ ಸೇರಿದ ಕೂಡಲೇ ದಿನವಿಡೀ ತೆಗೆದ ಫೋಟೋ, ವಿಡಿಯೋಗಳು ತಾವಾಗಿಯೇ ಬ್ಯಾಕಪ್‌ಗೆ ಹೊರಡುತ್ತಿದ್ದವು. ಬಹಳ ಸಂಪರ್ಕಗಳಲ್ಲಿ ಅಪ್‌ಲೋಡ್ ದಾರಿ ಡೌನ್‌ಲೋಡ್‌ಗಿಂತ ಕಿರಿದು. ಅದು ತುಂಬಿದರೆ ರೂಟರ್ ಒಳಗೆ ಸಾಲು ಬೆಳೆಯುತ್ತದೆ. ನೀವು ಏನನ್ನೋ ಡೌನ್‌ಲೋಡ್ ಮಾಡುವಾಗಲೂ ‘ಬಂತು, ಮುಂದಿನದು ಕಳಿಸು’ ಅನ್ನುವ ಚಿಕ್ಕ ಉತ್ತರಗಳು ಹೊರಗೆ ಹೋಗುತ್ತಲೇ ಇರಬೇಕು, ಅವೂ ಆ ಫೋಟೋಗಳ ಹಿಂದೆ ಸಾಲಿನಲ್ಲಿ ನಿಲ್ಲುತ್ತವೆ. ಹೀಗಾಗಿ ಎಲ್ಲವೂ ಸ್ಲೋ. ಬ್ಯಾಕಪ್ ಅನ್ನು ರಾತ್ರಿ ಮಲಗಿದ ಮೇಲೆ ನಡೆಸಿದೆವು, ಕಾಲ್ ಸರಿಹೋಯಿತು. ಕೆಲವು ರೂಟರ್‌ಗಳಲ್ಲಿ ಕ್ಯೂಒಎಸ್ ಅನ್ನುವ ಸೆಟ್ಟಿಂಗ್ ಇದೆ, ಕಾಲ್‌ಗೆ ಮೊದಲು ದಾರಿ ಬಿಡು ಅಂತ ಅದಕ್ಕೆ ಹೇಳಬಹುದು.

ರೂಟರ್‌ನಿಂದ ಕಂಪ್ಯೂಟರ್‌ಗೆ ಹಾಕುವ ಲ್ಯಾನ್ ಕೇಬಲ್ ಬಗ್ಗೆಯೂ ಒಂದು ಮಾತು. ಅದರೊಳಗೆ ಎಂಟು ತಂತಿ, ನಾಲ್ಕು ಜೋಡಿ. ಗಿಗಾಬಿಟ್ ವೇಗಕ್ಕೆ, ಅಂದರೆ 1000 ಎಂಬಿಪಿಎಸ್‌ಗೆ, ನಾಲ್ಕೂ ಜೋಡಿ ಬೇಕು, 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು. ಹಾಗಾಗಿ ಒಂದು ತಂತಿ ತುಂಡಾದರೂ ನೆಟ್ ನಿಲ್ಲದೇ ಇರಬಹುದು, ವೇಗ ಮಾತ್ರ 100ರ ಒಳಗೆ ಸಿಕ್ಕಿಕೊಳ್ಳುತ್ತದೆ. 300ರ ಪ್ಲಾನ್ ಹಾಕಿಸಿಕೊಂಡು ಪ್ರತಿ ಸಲ ಸರಿಯಾಗಿ 90 ಚಿಲ್ಲರೆ ಬರುತ್ತಿದ್ದರೆ ಜಗಳಕ್ಕೆ ಹೋಗುವ ಮೊದಲು ಆ ಕೇಬಲ್ ಬದಲಾಯಿಸಿ ನೋಡಿ. ರೂಟರ್‌ನ ಪೋರ್ಟೇ 100ರದ್ದು ಇರಬಹುದು, ಅದನ್ನೂ ನೋಡಿಕೊಳ್ಳಿ.

ಗೋಡೆಯ ಆಚೆ ಸಿಗ್ನಲ್ ಸಿಗುವುದಿಲ್ಲ ಅನ್ನುವವರು ರೂಟರನ್ನು ಬೀರುವಿನಿಂದ ಈಚೆ ತೆಗೆದು, ಎತ್ತರದಲ್ಲಿ, ಮನೆಯ ನಡುವೆ ಇಟ್ಟರೆ ಅರ್ಧ ಕಷ್ಟ ಕಳೆಯುತ್ತದೆ. ಬಹಳ ರೂಟರ್‌ಗಳಲ್ಲಿ ವೈಫೈ ಎರಡು ಬಗೆಯ ಅಲೆಗಳಲ್ಲಿ ಬರುತ್ತದೆ. 5 ಗಿಗಾಹರ್ಟ್ಸ್‌ನದಕ್ಕೆ ವೇಗ ಜಾಸ್ತಿ, ಗೋಡೆ ದಾಟುವ ಶಕ್ತಿ ಕಡಿಮೆ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಆದರೆ ಅಕ್ಕಪಕ್ಕದ ಮನೆಗಳ ವೈಫೈ, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲ ಅಲ್ಲೇ ಗದ್ದಲ ಮಾಡುತ್ತವೆ. ಅದರೊಳಗಿನ ಚಾನೆಲ್‌ಗಳಲ್ಲಿ (ಅಲೆಯ ಚಿಕ್ಕ ಚಿಕ್ಕ ಭಾಗಗಳಲ್ಲಿ) 1, 6, 11 ಒಂದರ ಮೇಲೊಂದು ಬೀಳುವುದಿಲ್ಲ, ಕಡಿಮೆ ಜನ ಇರುವುದನ್ನು ಆರಿಸಿಕೊಳ್ಳಿ.

ರೂಟರ್ ತಾನಾಗಿಯೇ ಮತ್ತೆ ಮತ್ತೆ ಆರಿ ಹೊತ್ತುತ್ತಿದ್ದರೆ ರೂಟರ್ ಕೆಟ್ಟಿದೆ ಅಂತ ಎಸೆಯಬೇಡಿ. ಎಷ್ಟೋ ಸಲ ಕೆಡುವುದು ಅಡಾಪ್ಟರ್. ಹೊಸದು ತರುವಾಗ ವೋಲ್ಟ್ ಹಳೆಯದರಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ, ಪಿನ್ನಿನ ಪ್ಲಸ್ ಮೈನಸ್ ಗುರುತೂ ಹೊಂದಬೇಕು.

ಇಷ್ಟೆಲ್ಲ ಬರೆದದ್ದು ಏಕೆಂದರೆ ಇದರಲ್ಲಿ ಯಾವುದೂ ಕಷ್ಟದ ವಿದ್ಯೆ ಅಲ್ಲ. ಕನ್ನಡದಲ್ಲಿ, ಮನೆಯವರಿಗೆ ಅರ್ಥವಾಗುವ ಹಾಗೆ ಹೇಳುವವರು ಕಡಿಮೆ, ಅಷ್ಟೇ. ಸಂಪರ್ಕ ಕೊಡುವ ಕಂಪನಿಗಳಿಗೆ ನನ್ನ ಬೇಡಿಕೆ ದೊಡ್ಡದೇನಲ್ಲ. ಗ್ರಾಹಕರ ಯೂಸರ್‌ನೇಮ್, ಪಾಸ್‌ವರ್ಡ್ ಅನ್ನು ಮೊದಲ ದಿನವೇ ಬರೆದುಕೊಡಿ, ಅದು ಗ್ರಾಹಕರ ಕೈಯಲ್ಲಿರಬೇಕಾದದ್ದು. ಯಾವ ಲೈಟ್ ಏನು ಹೇಳುತ್ತದೆ ಅಂತ ಕನ್ನಡದಲ್ಲಿ ಒಂದು ಚೀಟಿ ಅಂಟಿಸಿ. ಫೋನ್ ಎತ್ತುವವರು ‘ರೀಸೆಟ್ ಮಾಡಿ’ ಅನ್ನುವ ಮೊದಲು ‘ಕೆಂಪು ಲೈಟ್ ಉರಿಯುತ್ತಿದೆಯಾ?’ ಅಂತ ಕೇಳಲಿ. ನನ್ನನ್ನು ಆವತ್ತು ಆ ಒಂದು ಪ್ರಶ್ನೆ ಕೇಳಿದ್ದರೆ ಮೇಜು ಸರಿಸಿದ್ದು ನನಗೇ ನೆನಪಾಗುತ್ತಿತ್ತು, ಅಲ್ವಾ?

ಸಂಪಾದಕರೇ, ತಮ್ಮಲ್ಲೂ ಒಂದು ವಿನಂತಿ. ಹೊಸ ಫೋನ್‌ಗಳ ಬಗ್ಗೆ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ, ಓದುತ್ತೇವೆ. ಮನೆಯ ಮೂಲೆಯಲ್ಲಿ ಕೂತಿರುವ ಈ ಡಬ್ಬಿಗೂ ಒಂದು ಚಿಕ್ಕ ಜಾಗ ಕೊಡಿ. ನಾನಂತೂ ನಮ್ಮ ಮನೆಯಲ್ಲಿ ರೂಟರ್ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿದ್ದೇನೆ. ದೂರು ಕೊಡುವ ನಂಬರ್, ಲೈಟ್‌ಗಳ ಅರ್ಥ, ಕೆಳಗೆ ದಪ್ಪಕ್ಷರದಲ್ಲಿ ‘ಮೊದಲು ಮೇಜಿನ ಹಿಂದೆ ನೋಡಿ, ಪಿನ್ ಹಾಕಬೇಡಿ’.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗ