ಸಿರಪ್ ಬಾಟ್ಲಿ ತೆಗೆಯೋಕೆ ಮುಂಚೆ

ಪುಟ್ಟಿ,

ಅಪ್ಪನ ಔಷಧಿ ಚೀಟಿ ಫೋಟೋ ನೋಡ್ದೆ. ನೀರಿನ ಮಾತ್ರೆ, ಅಂದ್ರೆ ಮೂತ್ರ ಜಾಸ್ತಿ ಮಾಡ್ಸೋ ಮಾತ್ರೆ, ತಗೊಂಡ್ರೆ ರಕ್ತದಲ್ಲಿರೋ ಪೊಟ್ಯಾಸಿಯಂ ಅನ್ನೋ ಲವಣ ಇಳಿಯತ್ತಂತೆ, ಅಪ್ಪಂಗೆ ಪೊಟ್ಯಾಸಿಯಂ ಸಿರಪ್ ಶುರು ಮಾಡ್ಲಾ ದೊಡ್ಡಮ್ಮ ಅಂತ ಕೇಳಿದ್ದೀಯ. ಬೇಡ ಕಣೇ, ಡಾಕ್ಟರ್ ಹೇಳೋವರ್ಗೂ ಒಂದು ಚಮಚಾನೂ ಬೇಡ. ಯಾಕೆ ಅಂತ ಬರೀತೀನಿ, ಉದ್ದ ಆದ್ರೂ ಪೂರ್ತಿ ಓದು.

ನಿಂಗೆ ಯಾರೋ ಹೇಳಿದ್ದು ಸುಳ್ಳಲ್ಲ, ಅರ್ಧ ಅಷ್ಟೇ. ಫ್ಯೂರೊಸಮೈಡ್, ಟಾರ್ಸಮೈಡ್, ಹೈಡ್ರೋಕ್ಲೋರೋಥಯಜೈಡ್, ಕ್ಲೋರ್ಥಾಲಿಡೋನ್ ಇವೆಲ್ಲ ಕಿಡ್ನಿಯಿಂದ ಉಪ್ಪು ನೀರು ಹೊರಗೆ ಹಾಕ್ವಾಗ ಪೊಟ್ಯಾಸಿಯಮ್ಮನ್ನೂ ಜೊತೆಗೇ ಎಳ್ಕೊಂಡು ಹೋಗ್ತವೆ. ಆದ್ರೆ ಸ್ಪೈರೊನೊಲ್ಯಾಕ್ಟೋನ್, ಎಪ್ಲೆರೆನೋನ್, ಅಮಿಲೋರೈಡ್ ಕೂಡ ನೀರಿನ ಮಾತ್ರೆನೇ, ಇವು ಪೊಟ್ಯಾಸಿಯಂ ಹೊರಗೆ ಹೋಗೋಕೆ ಬಿಡಲ್ಲ. ಅಪ್ಪನ ಚೀಟೀಲಿ ಫ್ಯೂರೊಸಮೈಡ್ ಇದೆ, ಸ್ಪೈರೊನೊಲ್ಯಾಕ್ಟೋನೂ ಇದೆ, ಸಾಲದ್ದಕ್ಕೆ ಬಿಪಿಗೆ ಟೆಲ್ಮಿಸಾರ್ಟನ್ ಬೇರೆ, ಅದೂ ಏರಿಸೋ ಕಡೆದೇ. ಲೋಸಾರ್ಟನ್, ರಾಮಿಪ್ರಿಲ್, ಎನಾಲಾಪ್ರಿಲ್ ಎಲ್ಲಾ ಹಾಗೇನೇ, ಆಲ್ಡೋಸ್ಟೆರೋನ್ ಅನ್ನೋ ಹಾರ್ಮೋನನ್ನ ತಗ್ಗಿಸ್ತವೆ, ಅದು ತಗ್ಗಿದ್ರೆ ಕಿಡ್ನಿ ಪೊಟ್ಯಾಸಿಯಂ ಹೊರಗೆ ಹಾಕೋದೂ ಕಮ್ಮಿ ಆಗತ್ತೆ. ಅಂದ್ರೆ ಒಂದು ಇಳಿಸ್ತಿದೆ, ಎರಡು ಏರಿಸ್ತಿವೆ, ಕೊನೆಗೆ ಎಲ್ಲಿ ನಿಂತಿದೆ ಅಂತ ರಕ್ತ ಪರೀಕ್ಷೆ ಮಾಡಿಸ್ದೆ ಯಾವ ಡಾಕ್ಟರಿಗೂ ಹೇಳಕ್ಕಾಗಲ್ಲ. ಅದ್ರ ಮೇಲೆ ನೀನು ಸಿರಪ್ ಸುರಿದ್ರೆ?

ರಕ್ತದಲ್ಲಿ ಪೊಟ್ಯಾಸಿಯಂ ಲೀಟರಿಗೆ ಸುಮಾರು 3.5 ರಿಂದ 5 ಮಿಲಿಮೋಲ್ (ರಿಪೋರ್ಟಲ್ಲಿ mmol/L ಅಂತಿರತ್ತೆ) ಒಳಗಿರ್ಬೇಕು. ಇಷ್ಟು ಸಣ್ಣ ಅಂತರ ನೋಡು. ಕಮ್ಮಿ ಆದ್ರೆ ಸುಸ್ತು, ಮೀನಖಂಡ ಹಿಡ್ಕೊಳ್ಳೋದು, ಮಲಬದ್ಧತೆ, ಎದೆ ಡವಡವ ಅಂತ ಏನಾದ್ರೂ ಕಾಣ್ಸತ್ತೆ. ಜಾಸ್ತಿ ಆದಾಗ ಎಷ್ಟೋ ಸಲ ಏನೂ ಗೊತ್ತಾಗಲ್ಲ, ನೇರ ಹೃದಯದ ಬಡಿತಾನೇ ತಪ್ಪೋದು, ಅದಕ್ಕೇ ನಂಗೆ ಏರೋದ್ರ ಭಯಾನೇ ಹೆಚ್ಚು. ಅಪ್ಪ ಆರಾಮಾಗಿದ್ದಾರೆ ಅಂತ ನೀನು ಬರ್ದಿರೋದನ್ನ ನಂಬ್ಕೊಂಡು ಟೆಸ್ಟ್ ಮುಂದಕ್ಕೆ ಹಾಕ್ಬೇಡ.

1999 ರಲ್ಲಿ ಹಾರ್ಟ್ ಫೇಲ್ಯೂರ್ ಇರೋರಿಗೆ ಸ್ಪೈರೊನೊಲ್ಯಾಕ್ಟೋನ್ ಕೊಟ್ರೆ ಸಾವು ಕಮ್ಮಿ ಆಗತ್ತೆ ಅಂತ ದೊಡ್ಡ ಅಧ್ಯಯನ ಬಂತು. ನಿಜಕ್ಕೂ ಒಳ್ಳೆ ಔಷಧಿ. ಆದ್ರೆ ಆಮೇಲೆ ಕೆನಡಾದ ಒಂಟಾರಿಯೋದಲ್ಲಿ ಅದನ್ನ ಬರ್ಕೊಡೋದು ಒಂದೇ ಸಲ ಏರ್ತು, ಜೊತೆಗೇ ಪೊಟ್ಯಾಸಿಯಂ ಜಾಸ್ತಿಯಾಗಿ ಆಸ್ಪತ್ರೆ ಸೇರೋರೂ ಜಾಸ್ತಿ ಆದ್ರು, 2004 ರಲ್ಲಿ ಅದನ್ನ ಪ್ರಕಟಿಸಿದ್ರು. ಹಾಗಂತ ನೀನು ಮಾತ್ರೆ ನಿಲ್ಲಿಸ್ಬೇಡ ಮತ್ತೆ, ನಿಲ್ಲಿಸಿದ್ರೆ ಕಾಲು ಊದತ್ತೆ, ಉಸಿರು ಕಟ್ಟತ್ತೆ.

ಚೀಟೀಲಿ ಇಲ್ದೇ ಇರೋದನ್ನೂ ವಿಚಾರ್ಸು. ಮಂಡಿನೋವಿಗೆ ಅಪ್ಪ ಐಬುಪ್ರೊಫೆನ್, ಡೈಕ್ಲೋಫೆನಾಕ್ ನುಂಗ್ತಾರಾ? ಅವು ಕಿಡ್ನಿಗೂ ಪೆಟ್ಟು, ಪೊಟ್ಯಾಸಿಯಮ್ಮೂ ಏರಿಸ್ತವೆ. ಸೋಡಿಯಂ ಕಮ್ಮಿ ಇರೋ ಉಪ್ಪು ಬಿಪಿಗೆ ಒಳ್ಳೇದು ಅಂತ ತರ್ತಾರಲ್ಲ, ಅದ್ರಲ್ಲಿ ಬಹಳಷ್ಟು ಸಲ ಪೊಟ್ಯಾಸಿಯಂ ಕ್ಲೋರೈಡ್ ಇರತ್ತೆ, ಪ್ಯಾಕೆಟ್ ತಿರುಗಿಸಿ ಓದು. ಮೂತ್ರದ ಸೋಂಕಿಗೆ ಟ್ರೈಮೆಥೊಪ್ರಿಮ್ ಇರೋ ಆಂಟಿಬಯಾಟಿಕ್ ಕೊಟ್ರೂ ಏರತ್ತೆ, ಕೊಡೋ ಡಾಕ್ಟರಿಗೆ ಈ ಮಾತ್ರೆಗಳ ಹೆಸ್ರು ಹೇಳ್ಬೇಕು. ಸ್ಟೀರಾಯ್ಡ್, ಉಬ್ಬಸಕ್ಕೆ ಕೊಡೋ ಸಾಲ್ಬುಟಮಾಲ್, ಮಲ ಸಲೀಸಾಗ್ಲಿ ಅಂತ ದಿನಾ ನುಂಗೋ ಭೇದಿ ಮಾತ್ರೆ, ಇವು ಪೊಟ್ಯಾಸಿಯಂ ಇಳಿಸೋವು.

ಅಪ್ಪನ ಚೀಟೀಲಿರೋ ಇಂಥ ನೀರಿನ ಮಾತ್ರೆ, ಬಿಪಿ ಮಾತ್ರೆ ಶುರು ಮಾಡಿದ್ಮೇಲೆ, ಡೋಸ್ ಬದಲಾಯಿಸಿದ್ಮೇಲೂ, ಸಾಮಾನ್ಯವಾಗಿ ಒಂದೆರಡು ವಾರದೊಳಗೆ ರಕ್ತದಲ್ಲಿ ಪೊಟ್ಯಾಸಿಯಂ, ಜೊತೆಗೆ ಕಿಡ್ನಿ ಹೇಗಿದೆ ಅಂತ ತೋರ್ಸೋ ಕ್ರಿಯಾಟಿನಿನ್ ನೋಡ್ತಾರೆ. ಅಪ್ಪಂಗೆ ಮಾಡ್ಸಿದಾರಾ ಕೇಳು, ಇಲ್ಲಾಂದ್ರೆ ನಾಳೇನೇ ಫೋನ್ ಮಾಡು. ರಿಪೋರ್ಟಲ್ಲಿ ಜಾಸ್ತಿ ಬಂದ್ರೆ ಕೆಲವೊಮ್ಮೆ ರಕ್ತ ತೆಗೆಯೋವಾಗ ರಕ್ತಕಣ ಒಡೆದು ಒಳಗಿನ ಪೊಟ್ಯಾಸಿಯಂ ಸೋರಿ ಸುಳ್ಳು ಲೆಕ್ಕ ಬಂದಿರತ್ತೆ, ಅದನ್ನ ಡಾಕ್ಟರೇ ತೀರ್ಮಾನಿಸ್ಲಿ, ನೀನೇ ಸುಳ್ಳು ಅಂದ್ಕೊಂಡು ಕೂರ್ಬೇಡ. ವಾಂತಿ ಭೇದಿ ಹತ್ಕೊಂಡ್ರೆ ಅವತ್ತೇ ಫೋನ್ ಮಾಡಿ ಯಾವ ಮಾತ್ರೆ ತಡೀಬೇಕು ಕೇಳು. ಎದೆಬಡಿತ ತಪ್ಪಿದಂಗೆ ಆದ್ರೆ, ಕೈಕಾಲು ಸೋತು ಹೋದ್ರೆ ಫೋನೂ ಬೇಡ, ಎಮರ್ಜೆನ್ಸಿಗೇ ಕರ್ಕೊಂಡು ಹೋಗು.

ರಿಪೋರ್ಟ್ ಬಂದ ತಕ್ಷಣ ನಂಗೂ ಕಳ್ಸು.

ನಿನ್ನ ದೊಡ್ಡಮ್ಮ